ಎಡಗೈಯ ಕುಂಕುಮ

ಬೆಟಗೇರಿಯ ನಮ್ಮ ಓಣಿಯಲ್ಲಿ ಮಮತಾ ಹೊಲಿದ ಜಂಪರು ತೊಡದ ಹೆಂಗಸು ಹುಡುಕಿದರೂ ಸಿಗಲಿಕ್ಕಿಲ್ಲ. ಮುಳಗುಂದದಿಂದ ಈ ಓಣಿಗೆ ಸೊಸೆಯಾಗಿ ಬಂದಾಗ ಅವಳಿಗೆ ಹತ್ತೊಂಬತ್ತು ವರ್ಷ. ಈಗ ನಲವತ್ತರ ಹತ್ತಿರ ಬಂದಿದ್ದಾಳೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಮಷಿನ್ನು, ಒಂದು ಕತ್ತರಿಸುವ ಮೇಜು. ಬಾಗಿಲ ಬಳಿ ಬೆಳಕು ಬೀಳುವ ಕಡೆ ನಾನು ಕೂತು ಹುಕ್ಕು ಹಚ್ಚುತ್ತೇನೆ, ಗುಂಡಿಯ ಕಾಜಾ ಮಾಡುತ್ತೇನೆ, ಸೀರೆಗಳಿಗೆ ಫಾಲು ಹೊಲಿಯುತ್ತೇನೆ. ಹನ್ನೆರಡು ವರ್ಷದಿಂದ ಅದೇ ಜಾಗ. ಅವಳು ನನ್ನನ್ನು ದೊಡ್ಡವ್ವ ಅನ್ನುತ್ತಾಳೆ. ರಕ್ತಸಂಬಂಧವೇನೂ ಇಲ್ಲ, ಅನ್ನುತ್ತ ಅನ್ನುತ್ತ ಆಗಿಬಿಟ್ಟಿದೆ.

ಮಮತಾಳ ಕೈ ಒಳ್ಳೆಯದು, ಮನಸ್ಸೂ ಒಳ್ಳೆಯದು. ಆದರೆ ಇನ್ನೊಬ್ಬರ ಕೈ ತನ್ನಷ್ಟೇ ಒಳ್ಳೆಯದಿದ್ದರೆ ಅವಳಿಗೆ ತಡೆಯುವುದಿಲ್ಲ. ಹಿಂದಿನ ಓಣಿಯಲ್ಲಿ ಕಸ್ತೂರೆವ್ವ ಎಂಬಾಕೆ ಹೊಸದಾಗಿ ಮಷಿನ್ನು ಇಟ್ಟಾಗ ಮಮತಾ ಬೇರೆಯವರ ಕೈಯಲ್ಲಿ ಒಂದು ಖಣ ಕೊಟ್ಟು ಕಳಿಸಿ ಅವಳ ಹತ್ತಿರ ಜಂಪರು ಹೊಲಿಸಿದಳು. ಜಂಪರು ಬಂದ ದಿನವೇ ಬ್ಲೇಡು ಹಿಡಿದು ಅದರ ಒಂದೊಂದೇ ಹೊಲಿಗೆ ಬಿಚ್ಚಿ, ತುಂಡುಗಳನ್ನು ಮೇಜಿನ ಮೇಲೆ ಹರಡಿಕೊಂಡಳು.

"ಏನ ಮಾಡಾಕತ್ತೀಯವ್ವಾ? ಹೊಸಾ ಜಂಪರಲ್ಲೇನು ಅದು?" ಎಂದೆ.

"ತೋಳು ಹೆಂಗ ಕುಂದರ್ಸ್ಯಾಳ ನೋಡಬೇಕಾಗಿತ್ತು ದೊಡ್ಡವ್ವ."

"ಹೆಂಗ ಕುಂದರ್ಸ್ಯಾಳ?"

"ಛೊಲೊ ಕುಂದರ್ಸ್ಯಾಳ," ಎಂದಳು. ಆ ಮಧ್ಯಾಹ್ನ ಅವಳು ಊಟಕ್ಕೆ ಏಳಲಿಲ್ಲ.

ಅವಳ ಗಂಡ ಅಂಬರೀಶ ಗದಗ ಸ್ಟೇಷನ್ ಕಡೆಯ ಒಂದು ಬ್ಯಾನರು ಅಚ್ಚು ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿಯವರು ಹೊಸ ಕಂಪ್ಯೂಟರು ತಂದಾಗ ಹಳೆಯದು ಇವನ ಮನೆಗೆ ಬಂತು. ಅದರಲ್ಲಿ ಒಂದು ಸಾಫ್ಟ್‌ವೇರ್ ಇತ್ತು. ಪರದೆಯ ಒಳಗೆ ಮನುಷ್ಯರ ಗೊಂಬೆಗಳಿರುತ್ತವೆ. ಮೊಣಕೈ ಹಿಡಿದು ಎಳೆದರೆ ಮೊಣಕೈ ಮಡಚುತ್ತದೆ, ಕುತ್ತಿಗೆ ತಿರುಗಿಸಿದರೆ ತಿರುಗುತ್ತದೆ. ಬೇಕಾದ ಹಾಗೆ ನಿಲ್ಲಿಸಿ, ಬಟ್ಟೆ ತೊಡಿಸಿ, ಬೆಳಕು ಎಲ್ಲಿಂದ ಬೀಳಬೇಕೆಂದು ತೋರಿಸಿ ಒಂದು ಗುಂಡಿ ಒತ್ತಿದರೆ, ಕಂಪ್ಯೂಟರು ತಾಸುಗಟ್ಟಲೆ ಗುಂಯ್ ಎಂದು ಕೊನೆಗೆ ಫೋಟೋ ತೆಗೆದಂಥ ಚಿತ್ರ ಕೊಡುತ್ತದೆ. ಹೀಗೆ ಚಿತ್ರ ಬೇಯಿಸುವುದಕ್ಕೆ ಅವರು ರೆಂಡರ್ ಅನ್ನುತ್ತಾರೆ.

ಅಂಬರೀಶ ಅದನ್ನು ಮೊದಲ ಸಲ ತೆರೆದ ದಿನ ನನಗೆ ಚೆನ್ನಾಗಿ ನೆನಪಿದೆ. ಪರದೆಯ ಮೇಲೆ ಬೋಳು ತಲೆಯ ಬತ್ತಲೆ ಹೆಂಗಸೊಬ್ಬಳು ಎರಡೂ ಕೈ ಅಗಲಿಸಿ ನಿಂತಿದ್ದಳು. ಅದೇ ಹೊತ್ತಿಗೆ ಯಾರೋ ಅಳತೆ ಕೊಡಲು ಒಳಗೆ ಬಂದರು. ಮಮತಾ ಕೈಗೆ ಸಿಕ್ಕ ಸೀರೆಯನ್ನು ಕಂಪ್ಯೂಟರಿನ ಮೇಲೆ ಒಗೆದಳು.

"ಮೊದಲ ಆ ಹೆಣ್ಮಗಳಿಗೆ ಒಂದು ಕುಪ್ಪಸಾ ಹಾಕ್ರೆಪಾ," ಎಂದೆ ನಾನು.

ಹಾಕೋಣವೆಂದರೆ ಅದರಲ್ಲಿ ಕುಪ್ಪಸವೇ ಇರಲಿಲ್ಲ. ಪ್ಯಾಂಟು ಇತ್ತು, ಉದ್ದ ಗೌನು ಇತ್ತು, ಯುದ್ಧಕ್ಕೆ ಹೋಗುವವರ ಕವಚ ಇತ್ತು, ಬೆನ್ನಿಗೆ ಕಟ್ಟುವ ರೆಕ್ಕೆ ಕೂಡ ಇತ್ತು. ಸೀರೆ ಎಂದು ಒಂದಿತ್ತು, ಕಿಟಕಿಯ ಪರದೆ ಸುತ್ತಿಕೊಂಡ ಹಾಗೆ. ಮಮತಾಳಿಗೆ ಅದನ್ನು ನೋಡಿ ಮೈ ಉರಿಯಿತು. ತಾನೇ ಹೊಲಿಯಲು ಕೂತಳು.

ಅಲ್ಲಿ ಹೊಲಿಯುವುದು ಸುಲಭವಲ್ಲ. ಗೊಂಬೆ ಕೈ ಎತ್ತಿದ ಕೂಡಲೆ ಕಂಕುಳಲ್ಲಿ ಮೈ ಬಟ್ಟೆಯನ್ನು ಸೀಳಿಕೊಂಡು ಹೊರಗೆ ಬರುತ್ತಿತ್ತು. ಎಲ್ಲರಿಗೂ ಅದೇ ಗೋಳಂತೆ. ನಮ್ಮ ಹಳೆಯ ಖಣದ ಕುಪ್ಪಸಕ್ಕೆ ಕಂಕುಳಲ್ಲಿ ಮೂರು ಮೂಲೆಯ ಸಣ್ಣ ತುಂಡು ಇಡುತ್ತಾರಲ್ಲ, ಮಮತಾ ಅದನ್ನೇ ಅಲ್ಲಿಯೂ ಇಟ್ಟಳು. ಗೊಂಬೆ ಕೈ ಎತ್ತಿತು. ಕುಪ್ಪಸ ಕದಲಲಿಲ್ಲ.

ಈ ಸಾಫ್ಟ್‌ವೇರ್ ಬಳಸುವವರೆಲ್ಲ ಸೇರುವ ಒಂದು ಫೋರಂ ಇದೆ. ಯಾವ ಯಾವ ದೇಶದವರೋ ಇದ್ದಾರೆ. ತಾವು ಮಾಡಿದ ಬಟ್ಟೆ, ಕೂದಲು, ಕೂರುವ ನಿಲ್ಲುವ ಭಂಗಿ ಎಲ್ಲವನ್ನೂ ಅಲ್ಲಿ ಪುಕ್ಕಟೆ ಹಂಚುತ್ತಾರೆ. ಚಿತ್ರ ಹಾಕುತ್ತಾರೆ, ಮೆಚ್ಚಿದವರು ಕೆಳಗೆ ಒಂದು ಹೃದಯ ಒತ್ತುತ್ತಾರೆ, ಎರಡು ಮಾತು ಬರೆಯುತ್ತಾರೆ. ಮಮತಾ ಕನ್ನಡದಲ್ಲಿ ಹೇಳಿದರೆ ಮೊಬೈಲು ಇಂಗ್ಲಿಷ್ ಮಾಡಿ ಕೊಡುತ್ತಿತ್ತು. 'ಬೆಟಗೇರಿ ಟೇಲರ್' ಎಂಬ ಹೆಸರಿನಲ್ಲಿ ಆ ಕುಪ್ಪಸ ಹಾಕಿದಳು. ಜನ ಮುಗಿಬಿದ್ದರು. ಆಮೇಲೆ ನಾಲ್ಕು ವರ್ಷ ಕುಪ್ಪಸ, ಸೀರೆ, ನಿರಿಗೆ ಎಂದರೆ ಫೋರಂನಲ್ಲಿ ಅವಳದೇ ಮಾತು. ಮುಂಜಾನೆ ಒಲೆ ಹಚ್ಚುವ ಮೊದಲು ಹೃದಯ ಎಷ್ಟಾದವು ಎಂದು ನೋಡುವುದು ರೂಢಿಯಾಯಿತು. ನಲವತ್ತು ಆದ ದಿನ ಚಹಾಕ್ಕೆ ಸಕ್ಕರೆ ಹೆಚ್ಚು ಬೀಳುತ್ತಿತ್ತು.

ಹೋದ ವರ್ಷ ದೀಪಾವಳಿಯ ಮುಂದೆ 'ಆರತಿ ಲಕ್ಷ್ಮೇಶ್ವರ' ಎಂಬ ಹೆಸರು ಬಂತು.

ಮೊದಲ ಚಿತ್ರದಲ್ಲಿ ಒಬ್ಬಳು ಮುದುಕಿ ಕಟ್ಟೆಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ಒಂದು ಕಾಲು ಮಡಚಿ, ಇನ್ನೊಂದರ ಮೊಣಕಾಲು ಎತ್ತಿ, ಮೈಭಾರವನ್ನೆಲ್ಲ ಒಂದೇ ಕಡೆ ಬಿಟ್ಟು. ಅಲ್ಲಿಯ ತನಕ ಆ ಗೊಂಬೆಗಳಿಗೆ ಕುರ್ಚಿಯ ಮೇಲೆ ಕೂರುವುದು ಬರುತ್ತಿತ್ತೇ ಹೊರತು ನೆಲದ ಮೇಲೆ ಕೂರುವುದು ಬರುತ್ತಿರಲಿಲ್ಲ. ನಾನೂ ನೋಡಿದೆ. ಆ ಮುದುಕಿಗೆ ಮಂಡಿನೋವು ಇದೆ ಎಂದು ಚಿತ್ರದಲ್ಲೇ ಗೊತ್ತಾಗುತ್ತಿತ್ತು.

"ಎಷ್ಟ ಆಗ್ಯಾವು?" ಎಂದು ಕೇಳಿದೆ.

"ನೂರಾ ಹನ್ನೆರಡು," ಎಂದಳು ಮಮತಾ. ನಲವತ್ತು ಹೃದಯದ ಮಾತು ಅಲ್ಲಿಗೆ ಮುಗಿಯಿತು.

ಕೆಳಗೆ ಅವಳೂ ಒಂದು ಹೃದಯ ಒತ್ತಿದಳು. 'ಬಹಳ ಚಂದ ಐತ್ರಿ' ಎಂದು ಬರೆದಳು. ಬರೆಯುವಾಗ ಹಲ್ಲಿನಲ್ಲಿ ದಾರ ಕಡಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಉತ್ತರ ಬಂತು: 'ಎಲ್ಲಾ ನಿಮ್ಮ ಆಶೀರ್ವಾದ.'

"ಆಶೀರ್ವಾದ ಅಂತ! ನಾ ಏನ ಆಕಿ ಅಜ್ಜಿ ಏನು?" ಎಂದು ಮಮತಾ ಸಿಡಿದಳು.

"ಲೇ, ಮರ್ಯಾದಿಗೆ ಅಂದಿದ್ದಾಳ," ಎಂದ ಅಂಬರೀಶ.

"ನೀವು ಆಕಿ ಕಡೀನ ಮಾತಾಡ್ರಿ."

ಅಂದಿನಿಂದ ಆರತಿ ಏನು ಹಾಕಿದರೂ ಮಮತಾ ತನ್ನ ಕಂಪ್ಯೂಟರಿಗೆ ಇಳಿಸಿಕೊಳ್ಳುವಳು, ಒಳಗೆ ಬಿಚ್ಚಿ ನೋಡುವಳು, ಒಳ್ಳೆಯದಿದ್ದರೆ ಮುಖ ಕಪ್ಪಾಗುವುದು. ಮದುವೆಯ ಜಂಪರಿಗೆ ತೋಳು ಹಿಂದುಮುಂದಾಗಿ ಹಚ್ಚಿದ್ದು ಆ ದಿನಗಳಲ್ಲೇ. ನಾನು ಹೊಲಿಗೆ ಬಿಚ್ಚಿ ಕೊಟ್ಟೆ.

ಈ ವರ್ಷ ಬೇಸಿಗೆಯಲ್ಲಿ ಫೋರಂನವರು ಒಂದು ಸ್ಪರ್ಧೆ ಇಟ್ಟರು. ವಿಷಯ 'ಇಬ್ಬರು'. ಇಬ್ಬರು ಮನುಷ್ಯರನ್ನು ಒಟ್ಟಿಗೆ ತೋರಿಸಬೇಕು, ಎಲ್ಲರೂ ಬಿಚ್ಚಿ ನೋಡುವ ಹಾಗೆ ಗೊಂಬೆಗಳನ್ನೂ ಹಂಚಬೇಕು. ಹೆಚ್ಚು ಮತ ಬಿದ್ದವರಿಗೆ ಸಿಗುವುದು ಇಷ್ಟೇ: ಇನ್ನು ಮುಂದೆ ಹೊಸಬರು ಯಾರೇ ಸಾಫ್ಟ್‌ವೇರ್ ತೆರೆದರೂ ಮೊದಲು ಕಾಣುವುದು ಬೋಳು ತಲೆಯ ಬತ್ತಲೆ ಗೊಂಬೆಯಲ್ಲ, ಗೆದ್ದವರು ಬಟ್ಟೆ ತೊಡಿಸಿದ ಗೊಂಬೆ.

ಮಮತಾ ನನಗೆ ಇದನ್ನು ಮೂರು ಸಲ ಹೇಳಿದಳು. "ಜಗತ್ತಿನ್ಯಾಗ ಯಾರ ತಗದರೂ ದೊಡ್ಡವ್ವ, ಮೊದಲ ನಮ್ಮ ಬೆಟಗೇರಿ ಸೀರಿ." ಹೇಳುವಾಗ ಅವಳ ಕಣ್ಣು ನೋಡಿದರೆ ಇದು ಬರೀ ಆಟವಲ್ಲ ಎಂದು ತಿಳಿಯುತ್ತಿತ್ತು.

ನೇಕಾರರ ಮನೆಯ ಹೆಂಗಸರು ಮಗ್ಗದಿಂದ ಇಳಿದ ಸೀರೆಯನ್ನು ಇಬ್ಬರು ನಿಂತು ಮಡಚುವುದುಂಟು. ಆ ತುದಿಗೆ ಒಬ್ಬಳು, ಈ ತುದಿಗೆ ಒಬ್ಬಳು. ಒಮ್ಮೆ ಎಳೆದು ಬಿಗಿ ಮಾಡುವುದು, ಒಮ್ಮೆ ಹತ್ತಿರ ಬಂದು ಅಂಚಿಗೆ ಅಂಚು ಕೂಡಿಸುವುದು. ಮಮತಾ ತನ್ನ ಚಿತ್ರಕ್ಕೆ ಅದನ್ನೇ ಆರಿಸಿಕೊಂಡಳು. ಎಂಟು ದಿನ ನನ್ನನ್ನು ಎದುರಿಗೆ ನಿಲ್ಲಿಸಿ ಸೀರೆ ಎಳೆಸಿದಳು. ಅಂಬರೀಶ ಮೊಬೈಲಿನಲ್ಲಿ ಫೋಟೋ ಹಿಡಿದ. ಚಿತ್ರ ಬೆಂದು ಬಂದಾಗ ಇಬ್ಬರ ನಡುವೆ ಸೀರೆ ಬಿಸಿಲಿನಲ್ಲಿ ಜೋಲಿಯಂತೆ ತೂಗುತ್ತಿತ್ತು. ನಾನು ಬೆರಳು ಮುಂದೆ ಮಾಡಿದೆ, ಮುಟ್ಟಬೇಕು ಅನ್ನಿಸುವ ಹಾಗಿತ್ತು.

ಆರತಿಯ ಚಿತ್ರ ಎರಡು ದಿನ ಬಿಟ್ಟು ಬಂತು. ಬಾಗಿಲಲ್ಲಿ ಇಬ್ಬರು ಹೆಂಗಸರು. ಹೊರಡಲು ನಿಂತವಳ ಹಣೆಗೆ ಮನೆಯವಳು ಕುಂಕುಮ ಹಚ್ಚುತ್ತಿದ್ದಾಳೆ. ಹಚ್ಚಿಸಿಕೊಳ್ಳುವವಳು ಕಣ್ಣು ಅರ್ಧ ಮುಚ್ಚಿದ್ದಾಳೆ. ಮತ ಎಣಿಸುತ್ತ ಹೋದರೆ ಮುಂಜಾನೆ ಮಮತಾ ಮುಂದೆ, ಸಂಜೆ ಆರತಿ ಮುಂದೆ. ಹೀಗೆ ಒಂದು ವಾರ. ಮಮತಾ ರೊಟ್ಟಿ ಮುರಿದು ಗಂಗಾಳದಲ್ಲೇ ಬಿಟ್ಟು ಏಳುತ್ತಿದ್ದಳು.

ಒಂದು ಬೆಳಿಗ್ಗೆ ನಾನು ಒಳಗೆ ಕಾಲಿಡುವುದರಲ್ಲಿ ಕೂಗಿದಳು.

"ದೊಡ್ಡವ್ವ, ಬರ್ರಿಲ್ಲೆ. ಇದು ಯಾವ ಕೈ?"

ನಾನು ಕನ್ನಡಕ ಸರಿಮಾಡಿಕೊಂಡು ಆರತಿಯ ಚಿತ್ರ ನೋಡಿದೆ. "ಎಡಗೈ ಅಲ್ಲೇನ?"

"ಎಡಗೈ! ಎಡಗೈಲೆ ಕುಂಕುಮಾ ಹಚ್ಚ್ಯಾಳ! ಯಾರ ಮನ್ಯಾಗ ಹಚ್ಚತಾರ್ರಿ ಹಿಂಗ? ಇಷ್ಟ ದಿನಾ ನನ್ನ ಕಣ್ಣಿಗೆ ಮಣ್ಣ ಬಿದ್ದಿತ್ತು."

ಅಂಬರೀಶ ಹಲ್ಲುಜ್ಜುತ್ತ ಬಂದ. "ಹೋಗ್ಲಿ ಬಿಡು. ಬೇಕಾದ್ರ ಆಕಿಗೇ ಒಂದ ಮಾತು ಬರಿ."

ಮಮತಾ ಆರತಿಗೆ ಬರೆಯಲಿಲ್ಲ. ಆ ಸಾಫ್ಟ್‌ವೇರಿನಲ್ಲಿ ಒಂದು ಗುಂಡಿಯಿದೆ, ಒತ್ತಿದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಆಗುತ್ತದೆ. ಆರತಿಯ ಗೊಂಬೆಗಳನ್ನು ಇಳಿಸಿಕೊಂಡು, ಗುಂಡಿ ಒತ್ತಿ, ಬಲಗೈ ಮಾಡಿ, ಫೋರಂನಲ್ಲಿ ಎಲ್ಲರೆದುರು ಹಾಕಿದಳು. ಮೇಲೆ ಬರೆದಳು: 'ನಮ್ಮ ಕಡೆ ಎಡಗೈಲೆ ಯಾರೂ ಕುಂಕುಮ ಹಚ್ಚುವುದಿಲ್ಲ. ಇದು ತಪ್ಪು. ಸರಿಯಾದದ್ದು ಹೀಗೆ.'

ಆಮೇಲೆ ಕೈಕಟ್ಟಿ ಕೂತು ಕಾದಳು.

ಬಂದದ್ದು ಬೇರೆಯೇ. ಪರದೇಶದವರಿಗೆ ಎಡಗೈಯಲ್ಲಿ ಏನು ತಪ್ಪು ಎಂಬುದೇ ತಿಳಿಯಲಿಲ್ಲ. 'ನಾನೂ ಎಡಗೈಯವನು' ಎಂದು ಒಬ್ಬ ಬರೆದ. 'ನಾನೂ' ಎಂದು ಇನ್ನೊಬ್ಬಳು. ಇಷ್ಟು ವರ್ಷ ಸುಮ್ಮನಿದ್ದ ಎಡಗೈಯವರೆಲ್ಲ ಎದ್ದು ಬಂದು ಆರತಿಗೆ ಮತ ಹಾಕಿದರು. ಸಂಜೆಗೆ ಫೋರಂ ನೋಡಿಕೊಳ್ಳುವವರ ಪತ್ರ ಬಂತು. ಅಂಬರೀಶ ಓದಿ ಹೇಳಿದ. ಇನ್ನೊಬ್ಬರು ಮಾಡಿದ್ದನ್ನು ಇಳಿಸಿಕೊಂಡು ಬಳಸಬಹುದು, ತಿದ್ದಿ ಮತ್ತೆ ಹಂಚಬಾರದು, ಅದು ಅಲ್ಲಿಯ ಮೊದಲ ಕಟ್ಟಳೆ. ಅದಕ್ಕೆ ಬೆಟಗೇರಿ ಟೇಲರ್ ಒಂದು ತಿಂಗಳು ಏನೂ ಬರೆಯುವಂತಿಲ್ಲ, ಸೀರೆ ಮಡಚುವ ಚಿತ್ರ ಸ್ಪರ್ಧೆಯಿಂದ ಹೊರಗೆ. ಒಂದು ದಾರಿ ಇದೆ: ನಾಲ್ಕು ದಿನದೊಳಗೆ ಮೂಲ ಮಾಡಿದಾಕೆ 'ನನ್ನ ಒಪ್ಪಿಗೆ ಇತ್ತು' ಎಂದು ಬರೆದು ಕೊಟ್ಟರೆ ಎಲ್ಲ ಮಾಫಿ.

"ಅಂದ್ರ ಆಕಿ ಬರದ ಕೊಟ್ರ," ಎಂದಳು ಮಮತಾ.

"ಹೂಂ. ಆಕಿನ ಬರೀಬೇಕು."

ಮೂರನೆಯ ದಿನ ಲಕ್ಷ್ಮೇಶ್ವರ ತವರಾದ ಅಮೃತವ್ವ ಎಂಬ ಗಿರಾಕಿ ಬಂದಾಗ, ಸೊಂಟದ ಅಳತೆ ಹಿಡಿದುಕೊಂಡೇ ಕೇಳಿದಳು: "ನಿಮ್ಮೂರಾಗ ಆರತಿ ಅಂತ ಯಾರರೆ ಅದಾರೇನ್ರಿ, ಕಂಪ್ಯೂಟರದಾಗ ಗೊಂಬಿ ಮಾಡ್ತಾರ?"

"ಜಯತೀರ್ಥ ಮಾಸ್ತರ ಮಗಳಲ್ಲ? ಸೋಮೇಶ್ವರ ಗುಡಿ ಹಿಂದ ಮನಿ. ಅವರವ್ವ ಬಾವಿಕಟ್ಟಿಗೆ ನಿಂತು ಬೈತಿರ್ತಾರ, ನನ್ನ ಮಗಳ ಗೊಂಬಿ ಆಡಸ್ತಾಳ ಅಂತ."

ಮರುದಿನ ಮುಂಜಾನೆ ನಾವಿಬ್ಬರೂ ಮುಳಗುಂದದ ಮೇಲೆ ಹೋಗುವ ಬಸ್ಸು ಹತ್ತಿದೆವು. ಅದೇ ಕೊನೆಯ ದಿನ. ತವರೂರು ಬಂದಾಗಲೂ ಅವಳು ಕಿಟಕಿಯ ಹೊರಗೆ ನೋಡಲಿಲ್ಲ.

ಬಾಗಿಲು ತೆಗೆದದ್ದು ಆರತಿಯೇ. ಮೂವತ್ತರ ಒಳಗಿನವಳು, ತೆಳ್ಳಗೆ, ಕಣ್ಣ ಸುತ್ತ ಕಪ್ಪು. ಮಮತಾ ತನ್ನ ಹೆಸರು ಹೇಳಲಿಲ್ಲ, ಊರ ಹೆಸರಷ್ಟೇ ಹೇಳಿದಳು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು.

"ನೀವ... ಬೆಟಗೇರಿ ಟೇಲರ್?"

"ಹೌದ್ರಿ."

"ಬರ್ರಿ. ಒಳಗ ಬರ್ರಿ. ಅವ್ವಾ, ಯಾರ ಬಂದಾರ ನೋಡು."

ತಾಯಿ ಪದ್ಮಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಅವಲಕ್ಕಿ ಕೊಟ್ಟರು, ಕಾಫಿ ಕೊಟ್ಟರು. ಹುಡುಗಿ ಮಮತಾಳ ಜಂಪರಿನ ತೋಳನ್ನೇ ನೋಡುತ್ತಿದ್ದಳು. ಮಮತಾ ಆ ಮನೆಯ ಕಂಪ್ಯೂಟರನ್ನೇ ನೋಡುತ್ತಿದ್ದಳು. ತನ್ನದಕ್ಕಿಂತ ಹಳೆಯದು ಅದು. ಅದು ಅವಳಿಗೆ ಇನ್ನಷ್ಟು ಚುಚ್ಚಿತು ಎಂದು ನನಗೆ ತಿಳಿಯಿತು.

"ನಾ ತಪ್ಪ ಮಾಡೇನಿ," ಎಂದಳು ಮಮತಾ ಬಟ್ಟಲು ಕೆಳಗಿಟ್ಟು. "ನಿಮ್ಮದನ್ನ ತಿದ್ದಿ ಹಾಕಬಾರದಿತ್ತು. ಆದ್ರ ಎಡಗೈ ನೋಡಿ ನನಗ ತಡಿಲಿಲ್ಲ."

ಆರತಿ ನೆಲ ನೋಡಿದಳು. "ಅದು ತಪ್ಪೇ ಅದ. ಕಪಾಟಿನ ಕನ್ನಡಿ ಮುಂದ ನಾನೂ ಅವ್ವನೂ ನಿಂತು ಫೋಟೋ ತಗೊಂಡು, ಅದನ್ನ ನೋಡಿ ಗೊಂಬಿ ನಿಲ್ಲಿಸಿದ್ದೆ. ಕನ್ನಡ್ಯಾಗ ತಿರುವುಮುರುವು ಆಗೇದ. ಹಾಕಿದ ಮ್ಯಾಲೆ ಅವ್ವ ನೋಡಿ ಹೇಳಿದ್ಲು. ಆಗಲೇ ಮತಾ ಬೀಳ್ಲಿಕ್ಕೆ ಶುರು ಆಗಿದ್ವು."

"ನಾ ಅಂದೆ, ತಗಿ ಅದನ್ನ, ಮಂದಿ ನಗ್ತಾರ ಅಂತ," ಎಂದರು ಪದ್ಮಾಬಾಯಿ.

"ಅಲ್ಲಿ ಯಾರಿಗೂ ಗೊತ್ತಾಗೂದಿಲ್ಲ ಅಂತ ಬಿಟ್ಟೆ. ಗೊತ್ತಾದ್ರ ಇವರೊಬ್ಬರಿಗೇ ಅಂತನೂ ಗೊತ್ತಿತ್ತು," ಎಂದು ಹುಡುಗಿ ಮಮತಾಳ ಕಡೆ ಗದ್ದ ಎತ್ತಿದಳು. "ದಿನಾ ಅಂಜಿಕೋತ ತೆರೀತಿದ್ದೆ."

"ಹಂಗಾರ ನನ್ನ ಮಾತು ಖರೆ ಇತ್ತು."

"ಖರೇನೇ ಇತ್ತು."

"ಮತ್ತ ಒಪ್ಪಿಗಿ ಇತ್ತಂತ ಒಂದು ಸಾಲು ಬರದ ಕೊಡ್ರಿ. ಇವತ್ತ ಕಡಿ ದಿನಾ. ನನ್ನ ಚಿತ್ರಾ ಒಳಗ ಬರಲಿ. ಆಮ್ಯಾಲೆ ಯಾರ ಗೆದ್ದರೂ ಗೆಲ್ಲಲಿ."

ಆರತಿ ಖಾಲಿ ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟಳು.

"ನಾ ಬರಿಯೂದಿಲ್ರಿ," ಎಂದಳು.

"ಆರತಿ!" ಎಂದರು ತಾಯಿ. "ಮನಿಗೆ ಬಂದವರಿಗೆ ಹಿಂಗ ಅಂತಾರೇನು?"

"ಸುಳ್ಳ ಯಾಕ ಹೇಳ್ಲಿ ಅವ್ವಾ? ಇವರು ಒಳಗ ಬಂದ್ರ ನಾ ಗೆಲ್ಲೂದಿಲ್ಲ." ಮಮತಾಳ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ನೀರಿತ್ತು. "ನೀವು ಆ ಸೀರಿ ಮಡಚೂ ಚಿತ್ರಾ ಹಾಕಿದ ದಿನಾ ನನಗ ಊಟಾ ಸೇರಲಿಲ್ಲ. ಆ ಸೀರಿ ಹೆಂಗ ಜೋತು ಬಿದ್ದದ ಅಂತ ಬಿಚ್ಚಿ ಬಿಚ್ಚಿ ನೋಡೀನಿ. ನಿಮ್ಮ ಕುಪ್ಪಸಾ ನಾಲ್ಕು ವರ್ಷದಿಂದ ಬಿಚ್ಚಲಿಕ್ಕತ್ತೀನಿ, ಇನ್ನೂ ಒಂದೂ ಹಂಗ ಹೊಲಿಲಿಕ್ಕೆ ಬಂದಿಲ್ಲ. ನಿಮಗ ಎಲ್ಲಾ ಅದ. ಇದೊಂದು ನನಗ ಬೇಕು."

ಮಮತಾ ಎದ್ದಳು. ನಾನೂ ಎದ್ದೆ. ಪದ್ಮಾಬಾಯಿ ನಾಚಿಕೆಯಿಂದ ಕುಂಕುಮದ ಕರಡಿಗೆ ತಂದು ಮಗಳ ಕೈಗೆ ಕೊಟ್ಟು, "ಹಚ್ಚು. ಬಲಗೈಲೆ," ಎಂದರು. ಹುಡುಗಿ ಮಮತಾಳ ಹಣೆಗೆ ಹಚ್ಚಿದಳು. ಹೊಸ್ತಿಲ ಹೊರಗೆ ಬಂದಮೇಲೆ ಮಮತಾ ತನ್ನ ಫೋನ್ ನಂಬರು ಹೇಳಿದಳು. ಯಾಕೆ ಹೇಳಿದಳೋ. ಆರತಿ ಬರೆದುಕೊಂಡು ತನ್ನದನ್ನೂ ಹೇಳಿದಳು.

ಬಸ್ಸು ಮುಳಗುಂದ ದಾಟಿದ ಮೇಲೆ ಅವಳ ಸಿಟ್ಟು ಹೊರಗೆ ಬಂತು.

"ಎಷ್ಟ ಸೊಕ್ಕ ನೋಡ್ರಿ ದೊಡ್ಡವ್ವ. ಮಾರಿ ಮ್ಯಾಲೆ ಅಂದ್ಲು, ಬರಿಯೂದಿಲ್ಲ ಅಂತ."

"ಅಂದ್ಲು."

"ಆಕಿ ಜಾಗಾದಾಗ ನಾ ಇದ್ದಿದ್ರೂ ಬರೀತಿದ್ದಿಲ್ಲ ಬಿಡ್ರಿ."

"ಅದೂ ಖರೆ."

"ನಾಲ್ಕ ವರ್ಷದಿಂದ ಬಿಚ್ಚಾಕತ್ತಾಳಂತ, ಕುಪ್ಪಸಾ." ಟಿಕೀಟು ಮಡಚುತ್ತ, "ಕಂಕುಳಾಗಿನ ತುಂಡಿನ ಅಂಚು ಅಡ್ಡ ಎಳಿಗೆ ಕತ್ತರಸಬೇಕು. ಅದೇ ಗೊತ್ತಾಗಿಲ್ಲ ಆಕಿಗೆ," ಎಂದಳು.

"ಹೇಳಬೇಕಿತ್ತಿಲ್ಲ?"

"ಯಾಕ ಹೇಳ್ಲಿ?" ಎಂದು ಮಮತಾ ನನ್ನನ್ನು ದಿಟ್ಟಿಸಿದಳು. ಗದಗ ಬರುವ ತನಕ ಅವಳ ಕಾಲು ಬಸ್ಸಿನ ತಗಡಿನ ಮೇಲೆ ತಾಳ ಹಾಕುತ್ತಿತ್ತು.

ಹತ್ತು ದಿನಕ್ಕೆ ಫಲಿತಾಂಶ ಬಂತು. ಆರತಿ ಗೆದ್ದಳು. ಈಗ ಯಾರು ಆ ಸಾಫ್ಟ್‌ವೇರ್ ಹೊಸದಾಗಿ ತೆರೆದರೂ ಎಡಗೈಯಲ್ಲಿ ಕುಂಕುಮ ಹಿಡಿದ ಹೆಂಗಸು ಬಾಗಿಲಲ್ಲಿ ನಿಂತಿರುತ್ತಾಳೆ. ಮಮತಾ ಅದನ್ನು ನೋಡಿ, "ತೋಳಿನ ಹೊಲಿಗಿ ನೋಡ್ರಿ, ಹೆಂಗ ಜಗ್ಗೇತಿ," ಎಂದಷ್ಟೇ ಹೇಳಿ ಕಂಪ್ಯೂಟರು ಆರಿಸಿದಳು. ಮದುವಣಗಿತ್ತಿಯ ಜಂಪರು ಅರ್ಧಕ್ಕೆ ನಿಂತಿತ್ತು, ಅದನ್ನು ಹಿಡಿದಳು. ಮಷಿನ್ನಿನ ಸಪ್ಪಳ ಕೇಳಿದರೇ ಅವಳ ಸಿಟ್ಟು ಎಷ್ಟೆಂದು ಗೊತ್ತಾಗುತ್ತಿತ್ತು. ಆ ಸಪ್ಪಳದ ನಡುವೆ ಫೋನು ಬಂತು. ಹೆಸರು ನೋಡಿ ಅವಳು ಅದನ್ನು ಸ್ಪೀಕರಿಗೆ ಹಾಕಿ ನನ್ನ ಕಡೆ ಸರಿಸಿದಳು, ನನಗೂ ಕೇಳಲಿ ಎಂದು.

"ಅಕ್ಕಾರ, ನಾ ಆರತಿ. ನಾ ಗೆದ್ದೆ."

"ನೋಡಿದೆರಿ. ಛೊಲೊ ಆತು."

"ಏನ್ ಛೊಲೊ ತಗೋರಿ." ಧ್ವನಿ ಒಡೆದಿತ್ತು. "ಕೆಳಗ ಎಲ್ಲಾರೂ ಏನ ಬರ್ದಾರ ನೋಡೀರೇನು? ಆ ಸೀರಿ ಮಡಚೂ ಚಿತ್ರಾ ಒಳಗ ಇದ್ದಿದ್ರ ಅದೇ ಗೆಲ್ತಿತ್ತು ಅಂತ. ನನ್ನ ಚಿತ್ರದ ಕೆಳಗ ನಿಮ್ಮ ಹೊಗಳಿಕಿ. ಹದಿನೇಳು ಮಂದಿ ಬರ್ದಾರ."

ಮಮತಾ ಮಷಿನ್ನಿನ ಗಾಲಿಯ ಮೇಲೆ ಕೈ ಇಟ್ಟಳು. "ಹದಿನೇಳ?"

"ಹದಿನೇಳು. ನಾ ಎರಡ ಸಲಾ ಎಣಿಸೀನಿ."

"ಹಂಗೆಲ್ಲಾ ಮನಸಿಗೆ ಹಚಗೋಬ್ಯಾಡ್ರಿ ತಂಗೀ," ಎಂದಳು ಮಮತಾ. ಅಷ್ಟು ಮೆತ್ತಗಿನ ಧ್ವನಿ ಹನ್ನೆರಡು ವರ್ಷದಲ್ಲಿ ನಾನು ಕೇಳಿರಲಿಲ್ಲ. "ನಿಮ್ಮದೂ ಛೊಲೊ ಐತಿ."

ಫೋನು ಇಟ್ಟಳು. ಜಂಪರನ್ನು ಸೂಜಿಯ ಕೆಳಗೇ ಬಿಟ್ಟು ಎದ್ದು ಹೋಗಿ ಕಂಪ್ಯೂಟರಿನ ಗುಂಡಿ ಒತ್ತಿದಳು.

"ನಾ ಮುಂಜಾನೆ ಎಣಿಸಿದಾಗ ಹನ್ನೊಂದ ಇದ್ವು ದೊಡ್ಡವ್ವ," ಎಂದಳು. "ಉಳಿದ ಆರು ಎಲ್ಲಿ ಅದಾವ ನೋಡೂಣು."